ವಿಲಾಯತಿಯಲ್ಲಿ ನಾನು ಒಗೆದ ಐದು ಚೆಂಡು

ಮಹಾಗಾಂವದಿಂದ ಕಮಲಾಪುರಕ್ಕೆ

ವಿಲಾಯತಿಗೆ ಹೋಗಿ ಬಂದವರು ಗಡಿಯಾರದ ಗೋಪುರದಿಂದಲೋ ಅರಮನೆಯಿಂದಲೋ ಮಾತು ಶುರು ಮಾಡುತ್ತಾರೆ. ನನಗೆ ಅವೆರಡೂ ಸರಿಯಾಗಿ ಕಾಣಲಿಲ್ಲ. ಗೋಪುರದ ಮುಂದೆ ಮಂಜು ಕವಿದಿತ್ತು. ಅರಮನೆಯ ಮುಂದೆ ನಿಂತಾಗ ಮೂಗಿನ ಮೇಲೆ ನೊಣ ಕೂತಿತ್ತು. ಬಲಗೈ ಮಡಚಲು ಬರುತ್ತಿರಲಿಲ್ಲ, ಎಡಗೈಯಲ್ಲಿ ನಮ್ಮ ತಂಡದ ಕರೀಮ ಮಾಸ್ತರರ ಕೊಡೆ ಇತ್ತು. ಆ ನೊಣವನ್ನು ಊದಿ ಓಡಿಸುವುದರಲ್ಲೇ ಹೊತ್ತು ಹೋಯಿತು.

ಆದರೂ ನಾನು, ಸಾಯಬಣ್ಣ, ಪರದೇಶದಲ್ಲಿ ಆಡಿ ಬಂದ ವೇಗದ ಬೌಲರ್. ಕಮಲಾಪುರದ ಚಾವಡಿಯಲ್ಲಿ ಈ ಮಾತು ಹೇಳಿದರೆ ಇಂದಿಗೂ ನಗುತ್ತಾರೆ. ನಗಲಿ. ಅವರಲ್ಲಿ ಹುಮನಾಬಾದ್ ದಾಟಿದವರು ಎಷ್ಟು ಮಂದಿ?

ಆಗ ನಿಜಾಮ ಸರಕಾರದ ಕಾಲ. ನಾನು ಟಪಾಲಿನ ಓಟಗಾರ. ಕಲಬುರ್ಗಿಯಿಂದ ಬಂದ ಚೀಲವನ್ನು ಮಹಾಗಾಂವದಲ್ಲಿ ಇನ್ನೊಬ್ಬ ಓಟಗಾರ ನನ್ನ ಹೆಗಲಿಗೆ ಹಾಕುತ್ತಿದ್ದ. ನಾನು ಅದನ್ನು ಕಮಲಾಪುರಕ್ಕೆ ಓಡಿ ಮುಟ್ಟಿಸಬೇಕು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಆ ಸದ್ದು ಕೇಳಿದರೆ ಬಂಡಿ, ಎಮ್ಮೆ, ಮದುವೆಯ ದಿಬ್ಬಣ ಎಲ್ಲವೂ ಹಾದಿ ಬಿಡಬೇಕು. ನಮಗೆ ಕಟ್ಟಳೆಗಳಿದ್ದವು. ಓಟ ಶುರುವಾದ ಮೇಲೆ ನಿಲ್ಲಬಾರದು. ಒಳಗೆ ಏನಿದೆ ಎಂದು ನೋಡಬಾರದು. ತೆಗೆದುಕೊಂಡವನು ‘ಮುಟ್ಟಿತು’ ಎಂದು ಬಾಯಿಬಿಟ್ಟು ಹೇಳುವವರೆಗೆ ಹಿಂದಕ್ಕೆ ತಿರುಗಬಾರದು; ಹೇಳಿದ ಮೇಲೆ ಅಲ್ಲಿ ನಿಲ್ಲಬಾರದು.

ಕಮಲಾಪುರದಲ್ಲಿ ಚೀಲ ಕೊಟ್ಟು ತಿರುಗಿದರೆ ಹಾದಿಯ ಬದಿಗೆ ಚಂದಮ್ಮನ ಬುಟ್ಟಿ. ನಮ್ಮೂರ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ದಿನವೂ ನನಗೊಂದು ತಂಬಿಗೆ ನೀರು ಕೊಡುತ್ತಿದ್ದಳು. ನಿಂತು ಕುಡಿದರೆ ಕಟ್ಟಳೆ ಮುರಿದಂತೆ ಎಂದು ನಾನು ನಿಂತಲ್ಲೇ ಕಾಲು ಆಡಿಸುತ್ತ ಕುಡಿಯುತ್ತಿದ್ದೆ. ಅರ್ಧ ನೀರು ಅಂಗಿಯ ಮೇಲೆ ಹೋಗುತ್ತಿತ್ತು. ಒಂಬತ್ತು ವರ್ಷ ಹೀಗೇ ನಡೆಯಿತು. ಕುಣಿಯುತ್ತ ನೀರು ಕುಡಿಯುವವನು ಮನಸ್ಸಿನ ಮಾತು ಹೇಳುವುದು ಹೇಗೆ? ಹೇಳಲಿಲ್ಲ.

ಹೇಳುವಂತೆಯೂ ಇರಲಿಲ್ಲ. ಆಕೆಗೆ ಗಂಡನಿದ್ದ, ಲಕ್ಕಪ್ಪ. ಮದುವೆಯಾದ ವರ್ಷವೇ ರೈಲಿನ ಕೆಲಸಕ್ಕೆಂದು ಮುಂಬೈಗೆ ಹೋದವನು, ಅಲ್ಲಿಂದ ಹಡಗಿನ ಒಲೆಗೆ ಕಲ್ಲಿದ್ದಲು ತುಂಬುವ ಕೆಲಸ ಹಿಡಿದು ವಿಲಾಯತಿ ಸೇರಿದ್ದ. ಬಂದದ್ದು ಒಂದೇ ಕಾಗದ, ತಂದವನೂ ನಾನೇ. ಮಳೆಗೆ ಚೀಲ ತೊಯ್ದು ಊರಿನ ಹೆಸರು ಅಳಿಸಿತ್ತು. ಯಾವುದೋ ಬಂದರಿನ ಊರು ಎಂಬುದಷ್ಟೇ ಉಳಿದಿತ್ತು. ಚಂದಮ್ಮ ಅತ್ತ ಗಂಡನಿದ್ದವಳೂ ಅಲ್ಲ, ಇತ್ತ ಇಲ್ಲದವಳೂ ಅಲ್ಲ.

ಕಲಬುರ್ಗಿ

ಒಂದು ಬೆಳಗ್ಗೆ ಬೇಟೆಗೆ ಹೊರಟಿದ್ದ ಒಬ್ಬ ನವಾಬ ಸಾಹೇಬರ ಕುದುರೆಗಾಡಿಯನ್ನು ನಾನು ಹಿಂದೆ ಹಾಕಿದೆ. ಸ್ವಲ್ಪ ಮುಂದೆ ಒಂದು ನಾಯಿ ನನ್ನ ಬೆನ್ನು ಹತ್ತಿತು. ಓಡುತ್ತಲೇ ಬಗ್ಗಿ ಕಲ್ಲು ಎತ್ತಿ ಒಗೆದೆ. ಮೂತಿಗೆ ಬಿದ್ದ ಪೆಟ್ಟಿಗೆ ನಾಯಿ ಅಲ್ಲೇ ಕೂತುಬಿಟ್ಟಿತು. ನವಾಬರು ಗಾಡಿಯಿಂದ ನಿಲ್ಲು ನಿಲ್ಲು ಎಂದು ಕೂಗಿದರು. ಕಟ್ಟಳೆ ಕಟ್ಟಳೆಯೇ. ನಾನು ನಿಲ್ಲಲಿಲ್ಲ. ಪಾಪ, ನನ್ನ ಹತ್ತಿರ ಒಂದು ಮಾತಾಡಲು ಅವರು ಬೇಟೆ ಬಿಟ್ಟು ಕಮಲಾಪುರದವರೆಗೂ ಬರಬೇಕಾಯಿತು.

ಸಂಗತಿ ಇಷ್ಟು: ನವಾಬರು ಕ್ರಿಕೆಟ್ ತಂಡ ಕಟ್ಟಿಕೊಂಡು ವಿಲಾಯತಿಗೆ ಹೊರಟಿದ್ದರು. ಅವರ ವೇಗದ ಬೌಲರ್ ಸಮುದ್ರದ ಹೆಸರು ಕೇಳಿ ಕಾಲಿಗೆ ಬುದ್ಧಿ ಹೇಳಿದ್ದ. ಅವನ ಜಾಗಕ್ಕೆ ನಾನು ಎಂದರು. ರಜೆಯ ಕಾಗದವನ್ನೂ ಅವರೇ ತರಿಸಿದರು.

ಕಲಬುರ್ಗಿಯ ಕೋಟೆಯ ಬಯಲಿನಲ್ಲಿ ನನ್ನ ಪರೀಕ್ಷೆ ನಡೆಯಿತು. ಪರೀಕ್ಷೆ ಮಾಡಿದವರು ಕರೀಮ ಮಾಸ್ತರರು. ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು. ತಂಡದ ದುಭಾಷಿ ಅವರೇ, ಅಂಪೈರೂ ಅವರೇ. ನಾನು ಮೊದಲ ಚೆಂಡಿಗೇ ನಡುವಿನ ಗೂಟ ಮುರಿದೆ. ನವಾಬರು ಕುಣಿದಾಡಿದರು. ಮಾಸ್ತರರು ಮಾತ್ರ ತಲೆ ಅಲ್ಲಾಡಿಸಿ, ಇವನ ಮೊಳಕೈ ಮಡಚುತ್ತದೆ, ಈ ಆಟದಲ್ಲಿ ಅದು ಪಾಪ ಎಂದರು. ನನ್ನ ಮೊಳಕೈ ಹುಟ್ಟಿದಾಗಿನಿಂದ ಮಡಚುತ್ತದೆ, ಅದಕ್ಕೇ ಅಲ್ಲವೇ ದೇವರು ಕೀಲು ಇಟ್ಟಿದ್ದು ಎಂದು ನಾನು ವಾದಿಸಿದೆ. ನಡೆಯಲಿಲ್ಲ.

ಅದೇ ಊರಿನ ಬ್ರಹ್ಮಪುರದಲ್ಲಿ ಮುರಿದ ಎಲುಬು ಕೂಡಿಸುವ ಒಬ್ಬ ಮುದುಕ ಇದ್ದ. ಅವನ ಹತ್ತಿರ ಕರೆದೊಯ್ದು ನನ್ನ ಬಲಗೈಗೆ ಬಿದಿರಿನ ದಬ್ಬೆ ಕಟ್ಟಿಸಿದರು. ಗಟ್ಟಿಮುಟ್ಟಾದ ಕೈಗೆ ದಬ್ಬೆ ಕಟ್ಟುತ್ತಿರುವುದು ತನ್ನ ಜನ್ಮದಲ್ಲಿ ಇದೇ ಮೊದಲು ಎಂದು ಮುದುಕ ಗೊಣಗುತ್ತ ಗೊಣಗುತ್ತಲೇ ಕಟ್ಟಿದ. ಆಟದ ದಿನದವರೆಗೂ ಬಿಚ್ಚಕೂಡದು, ಕೈಗೆ ನೆಟ್ಟಗಿರುವ ರೂಢಿ ಆಗಬೇಕು ಎಂದು ಮಾಸ್ತರರ ಅಪ್ಪಣೆಯಾಯಿತು. ಶರಣಬಸವೇಶ್ವರನ ಗುಡಿಗೆ ಹೋದರೆ ಕೈಮುಗಿಯಲೂ ಆಗಲಿಲ್ಲ. ಕೈಮರದಂತೆ ಒಂದು ಕೈ ಮುಂದೆ ಚಾಚಿ ನಿಂತು ಬಂದೆ.

ಹೊರಡುವ ಹಿಂದಿನ ದಿನ ಹೇಳಿ ಬರಲು ಕಮಲಾಪುರಕ್ಕೆ ಹೋದೆ. ಚಂದಮ್ಮ ಮೇಣಬಟ್ಟೆಯಲ್ಲಿ ಹೊಲಿದ ಒಂದು ಸಣ್ಣ ಗಂಟು ತಂದಳು.

“ಹಡಗ ಬರೂ ಊರಿಗೆ ಹೋದ್ರ ಆತನ ಕೈಯಾಗೇ ಕೊಡು, ಸಾಯಬಣ್ಣ. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ. ಒಳಗಿನ ಚೀಟಿಗೆ ಆತ ಹೆಬ್ಬಟ್ಟ ಒತ್ತಬೇಕು. ಅದನ್ನ ತಿರುಗಿ ನನಗ ತಂದು ಕೊಡಬೇಕು.”

ಹೆಂಡತಿ ಗಂಡನಿಗೆ ಏನು ಬರೆಸುತ್ತಾಳೆ? ಬಾ ಎಂದೇ ಬರೆಸುತ್ತಾಳೆ. ಹೆಬ್ಬೆಟ್ಟು ಯಾಕೆ? ಮುಟ್ಟಿದ್ದಕ್ಕೆ ಸಾಕ್ಷಿ. ನಾನು ಏನನ್ನೂ ಕೇಳಲಿಲ್ಲ. ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡೆ. ಒಂಬತ್ತು ವರ್ಷ ಎಂಥೆಂಥ ಚೀಲ ಹೊತ್ತಿದ್ದೇನೆ. ಅಂಗೈ ಅಗಲದ ಆ ಗಂಟಿನಷ್ಟು ಭಾರ ಯಾವುದೂ ಆಗಿರಲಿಲ್ಲ.

ಹಡಗು

ಹಡಗಿನ ವಿಷಯ ಹೇಳುವುದು ಬಹಳಿಲ್ಲ. ಎಲ್ಲರಿಗೂ ವಾಂತಿ. ನನಗೆ ಅದರ ಮೇಲೆ ಹಸಿವು. ಬಲಗೈ ಬಾಯಿಗೆ ಬರುವುದಿಲ್ಲ, ಎಡಗೈಯಿಂದ ಉಣ್ಣಲು ಮನಸ್ಸು ಒಪ್ಪುವುದಿಲ್ಲ. ಕೊನೆಗೆ ಕರೀಮ ಮಾಸ್ತರರೇ ತುತ್ತು ಮಾಡಿ ಉಣಿಸಿದರು. ನಮಾಜು ಮುಗಿಸಿ ಬಂದು, ತೋಳೇರಿಸಿ, ನನ್ನ ಮುಂದೆ ತಟ್ಟೆ ಹಿಡಿದು ಕೂರುತ್ತಿದ್ದರು. ಇಷ್ಟು ಸಲ ಬಾಯಿ ತೆಗೆಯುತ್ತೀಯಲ್ಲ, ಸಲಕ್ಕೊಂದು ಇಂಗ್ಲಿಷ್ ಮಾತು ಕಲಿತಿದ್ದರೆ ಇಷ್ಟೊತ್ತಿಗೆ ಸಾಹೇಬನಾಗಿರುತ್ತಿದ್ದೆ ಎಂದು ಬೈಯುತ್ತಲೇ ಉಣಿಸುತ್ತಿದ್ದರು. ನಾನು ದೊಡ್ಡವನಾದ ಮೇಲೆ ನನ್ನ ತಾಯಿಯೂ ನನಗೆ ಉಣಿಸಿರಲಿಲ್ಲ. ಆ ಮನುಷ್ಯನ ಋಣ ದೊಡ್ಡದು.

ಓಡದೆ ನನ್ನ ಕಾಲು ಹಿಡಿದುಕೊಂಡವು. ಬೆಳಗ್ಗೆ ಗೆಜ್ಜೆಯ ಕೋಲು ಹಿಡಿದು ಹಡಗಿನ ಸುತ್ತ ಓಡತೊಡಗಿದೆ. ದೊರೆಸಾನಿಯರು ಕುರ್ಚಿ ಎತ್ತಿಕೊಂಡು ಹಾದಿ ಬಿಟ್ಟರು. ನಮ್ಮ ಕಡೆಯ ಎಮ್ಮೆಗಳಿಗಿಂತ ಬೇಗ ಕಲಿತರು ಎನ್ನಬೇಕು. ಮೂರನೆಯ ದಿನ ಹಡಗಿನ ಕಪ್ತಾನ ಹೇಳಿ ಕಳಿಸಿದ: ಗೆಜ್ಜೆ ಬೇಡ, ಬೆಂಕಿ ಬಿದ್ದ ಸೂಚನೆ ಎಂದು ಜನ ದೋಣಿಗೆ ಇಳಿಯುತ್ತಿದ್ದಾರೆ.

ಸಮುದ್ರವಿಲ್ಲದ ಊರುಗಳು

ವಿಲಾಯತಿಯ ಜನ ರೈಲಿನಲ್ಲಿ ಮಾತಾಡುವುದಿಲ್ಲ. ಎದುರಿಗೆ ಕೂತವನ ಊರು, ಮಕ್ಕಳು, ಯಾರ ಮನೆಗೆ ಹೊರಟಿದ್ದಾನೆ, ಯಾವುದನ್ನೂ ಕೇಳುವುದಿಲ್ಲ. ವಾಡಿಯಿಂದ ಕಲಬುರ್ಗಿಗೆ ಬರುವಷ್ಟರಲ್ಲಿ ನಾವು ಎರಡು ಮದುವೆ ನಿಶ್ಚಯ ಮಾಡುತ್ತೇವೆ. ಅವರು ಮಾತಾಡಿದರೂ ಮಳೆಯ ಮಾತೇ. ಆದರೆ ಅವರಿಗೆ ಮಳೆ ಬೇಡ! ಮಳೆ ಬಂದರೆ ಆಟ ನಿಲ್ಲಿಸಿ, ಸಾವಿನ ಮನೆಯವರಂತೆ ಮುಖ ಮಾಡಿ ಕೂರುತ್ತಾರೆ. ಈ ಮೋಡಗಳನ್ನು ಸ್ವಲ್ಪ ನಮ್ಮ ಕಡೆ ಕಳಿಸಿ ಎಂದು ಹೇಳಿರೆಂದು ಮಾಸ್ತರರಿಗೆ ಎಷ್ಟೋ ಸಲ ದುಂಬಾಲು ಬಿದ್ದೆ.

ಇನ್ನೂ ವಿಚಿತ್ರವೆಂದರೆ ತಮ್ಮವನೇ ಔಟಾಗಿ ಬಂದರೂ ಚಪ್ಪಾಳೆ ತಟ್ಟುತ್ತಾರೆ. ನಮ್ಮಲ್ಲಾದರೆ ಅವನ ಸೋದರಮಾವ ತಹಶೀಲದಾರರಿಗೆ ಅರ್ಜಿ ಕೊಡುತ್ತಿದ್ದ. ನಾನು ಒಂದು ಗೊನೆ ಕೆಂಪು ಬಾಳೆ ಕಟ್ಟಿಕೊಂಡು ಹೋಗಿದ್ದೆ. ಉಳಿದಿದ್ದ ನಾಲ್ಕು ಹಣ್ಣನ್ನು ಒಬ್ಬ ದೊರೆಗೆ ಕೊಟ್ಟರೆ ಅವನು ಕರವಸ್ತ್ರದಿಂದ ಉಜ್ಜಿ ಉಜ್ಜಿ ನೋಡಿದ, ಬಣ್ಣ ಬಿಡುತ್ತದೇನೋ ಎಂದು. ಆಮೇಲೆ ಸಿಪ್ಪೆ ಸಮೇತ ತಿಂದ. ಚೆನ್ನಾಗಿದೆ ಎಂದೂ ಹೇಳಿದ. ಅಂಥ ಮರ್ಯಾದಸ್ಥ ಜನ.

ನನಗೆ ಆಡಲು ಸಿಗಲಿಲ್ಲ. ನವಾಬರಿಗೆ ತಾವೇ ಚೆಂಡು ಒಗೆಯುವ ಹುರುಪು. ಅವರ ಕೈಯಿಂದ ಅದನ್ನು ಇಸಿದುಕೊಳ್ಳುವ ಧೈರ್ಯ ಯಾರಿಗಿದೆ? ಊರಿಂದ ಊರಿಗೆ ಸೋಲುತ್ತ ಹೋದೆವು. ನಾನು ದಬ್ಬೆಯ ಕೈ ಚಾಚಿಕೊಂಡು ಗಡಿಯ ಹಗ್ಗದ ಹತ್ತಿರ ಕೂತಿರುತ್ತಿದ್ದೆ. ಕೆಲವರು ಅದಕ್ಕೆ ಟೊಪ್ಪಿಗೆ ತೂಗುಹಾಕಿ ಹೋದರು.

ಇನ್ನು ಲಕ್ಕಪ್ಪನನ್ನು ಹುಡುಕಿದ್ದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನು ಸಿಗಬಾರದು ಎಂಬುದೇ ನನ್ನ ಆಸೆ. ಹುಡುಕಿದೆ ಎಂದು ಚಂದಮ್ಮನ ಮುಂದೆ ಆಣೆ ಮಾಡಲು ಬರಬೇಕು, ಅವನು ಸಿಗಲೂಬಾರದು. ಹಾಗಾಗಿ ಪ್ರತಿ ಊರಲ್ಲೂ ಕೇಳುತ್ತಿದ್ದೆ, ಕನ್ನಡದಲ್ಲಿ. ಹಾಲಿನ ಬಂಡಿಯವನನ್ನು ಕೇಳಿದೆ, ಚರ್ಚಿನ ಗಂಟೆ ಹೊಡೆಯುವ ಕಿವುಡನನ್ನು ಕೇಳಿದೆ. ಅವರು ತಲೆ ಅಲ್ಲಾಡಿಸಿದರೆ ನನಗೆ ಜೀವ ತಂಪಾಗುತ್ತಿತ್ತು. ಒಮ್ಮೆ ಮಾಸ್ತರರು ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು.

“ಅರೇ ಸಾಯಬಣ್ಣ, ಸಮುದ್ರನೇ ಇಲ್ಲದ ಊರಾಗ ಹಡಗದವನ್ನ ಹುಡುಕಾಕತ್ತೀ. ನಿನಗ ಆತ ಬೇಕೋ ಬ್ಯಾಡೋ?”

ನಾನು ಸೊಂಟದ ಗಂಟನ್ನು ಮುಟ್ಟಿ ನೋಡಿಕೊಂಡೆ. ಅವರಿಗೆ ತಿಳಿಯಿತು. ಅಂದು ರಾತ್ರಿಯ ತುತ್ತುಗಳನ್ನು ಬೈಯದೆ ಉಣಿಸಿದರು.

ಬಂದರಿನ ಊರು

ಕೊನೆಯ ಆಟ ಒಂದು ಬಂದರಿನ ಊರಲ್ಲಿ. ಅದರ ಹೆಸರು ಆಗಲೂ ನನ್ನ ನಾಲಿಗೆಗೆ ಕೂಡಲಿಲ್ಲ, ಈಗಲೂ ಕೂಡುವುದಿಲ್ಲ. ಊಟದ ಹೊತ್ತಿಗೆ ನವಾಬರ ಸೊಂಟ ಹಿಡಿಯಿತು. ಅವರನ್ನು ಕುರ್ಚಿ ಸಮೇತ ಹೊರಗೆ ಒಯ್ದರು. ಚೆಂಡು ನನ್ನ ಪಾಲಿಗೆ ಬಂತು.

ಮಾಸ್ತರರು ಕತ್ತರಿ ತಂದು ದಬ್ಬೆ ಬಿಚ್ಚಿದರು. ಕೈ ಹಾಗೇ ನಿಂತಿತು. ಮಡಚಬೇಕೆಂದರೂ ಮಡಚಲಿಲ್ಲ. ಮಾಸ್ತರರ ಕಣ್ಣಲ್ಲಿ ನೀರು ಬಂತು, ಅಷ್ಟು ಸಂತೋಷ.

ಗೆಜ್ಜೆಯಿಲ್ಲದೆ ನನಗೆ ಓಡಲು ಬರುವುದಿಲ್ಲ. ಕೋಲು ಬೇಡವೆಂದರು, ಗೆಜ್ಜೆ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡೆ, ಚಂದಮ್ಮನ ಗಂಟಿನ ಪಕ್ಕಕ್ಕೆ. ಅಂಪೈರುಗಳಿಬ್ಬರೂ ನಿಯಮದ ಪುಸ್ತಕ ತಿರುವಿದರು. ಗೆಜ್ಜೆ ಕೂಡದೆಂದು ಎಲ್ಲಿಯೂ ಬರೆದಿರಲಿಲ್ಲ. ಹತ್ತು ಹೆಜ್ಜೆ ಓಡಿ ಒಗೆಯುವುದೂ ನನ್ನಿಂದ ಆಗದ ಮಾತು. ಮೈದಾನದ ಬಾಗಿಲು ದಾಟಿ, ರಸ್ತೆಯ ಆಚೆ, ಬ್ರೆಡ್ಡಿನ ಅಂಗಡಿಯ ಹತ್ತಿರ ಹೋಗಿ ನಿಂತೆ. ಅಲ್ಲಿಂದ ಓಡಿ ಬಂದು ಮೊದಲ ಚೆಂಡು ಒಗೆದೆ.

ಬ್ಯಾಟು ಹಿಡಿದವರು ಒಬ್ಬ ವಯಸ್ಸಾದ ಪಾದ್ರಿ. ಚೆಂಡು ಅವರ ತಲೆಯ ಮೇಲಿಂದ ಹೋಯಿತು. ನಾನು ನೆಟ್ಟಗೆ ಅವರ ಮುಂದೆ ಹೋಗಿ ಚೆಂಡು ಬಂತು ಎಂದು ಹೇಳಿ ನಿಂತೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಹೊತ್ತಾಯಿತು. ಮಾಸ್ತರರು ಓಡಿ ಬಂದು ಇಂಗ್ಲಿಷಿನಲ್ಲಿ ವಿವರ ಹೇಳಿದರು: ಇವನು ಟಪಾಲಿನವನು, ತೆಗೆದುಕೊಂಡವರು ಮುಟ್ಟಿತು ಎನ್ನದೆ ತಿರುಗುವುದಿಲ್ಲ. ಪಾದ್ರಿ ಟೊಪ್ಪಿಗೆ ತೆಗೆದು, ಎರಡು ಸಲ ತಡವರಿಸಿ, ಮೂರನೆಯ ಸಲಕ್ಕೆ ಮುಟ್ಟಿತು ಎಂದರು. ನಾನು ತಿರುಗಿದೆ. ಜನ ಚಪ್ಪಾಳೆ ತಟ್ಟಿದರು.

ಎರಡನೆಯದನ್ನು ಅವರು ಮುಟ್ಟಲೇ ಇಲ್ಲ, ಆದರೂ ಮುಟ್ಟಿತು ಎಂದರು. ಮೂರನೆಯದನ್ನು ಮೈದಾನದ ಆಚೆಗೆ ಹೊಡೆದು ಮುಟ್ಟಿತು ಎಂದರು. ನಾಲ್ಕನೆಯದು ತೊಡೆಗೆ ಬಿತ್ತು, ಉಜ್ಜಿಕೊಳ್ಳುತ್ತ ಮುಟ್ಟಿತು ಎಂದರು. ಐದನೆಯದು ಗೂಟಕ್ಕೆ ತಗುಲಿ ಮೇಲಿನ ಕಟ್ಟಿಗೆ ತುಂಡು ನಡುಗಿತು, ಬೀಳಲಿಲ್ಲ. ಪಾದ್ರಿ ಅದನ್ನು ಬೆರಳಿಂದ ನೆಟ್ಟಗೆ ಮಾಡಿ, ನನಗೆ ಸಮಾಧಾನ ಹೇಳುವಂತೆ ಮುಟ್ಟಿತು ಎಂದರು. ಕುರ್ಚಿಯಲ್ಲಿ ಮಲಗಿದ್ದ ನವಾಬರು, ಈ ಸಲ ಗೂಟ ಕೆಡವಿದರೆ ನಿನಗೆ ಚಿನ್ನದ ಪದಕ ಎಂದು ಕೂಗಿದರು.

ಆರನೆಯ ಚೆಂಡಿಗೆ ಬ್ರೆಡ್ಡಿನ ಅಂಗಡಿಯಿಂದ ಓಟ ಶುರು ಮಾಡಿದೆ. ತುಂತುರು ಹನಿ ಬಿತ್ತು. ಜನರೆಲ್ಲ ಕೊಡೆ ಬಿಚ್ಚಿದರು. ಪಾದ್ರಿಯ ಬೆನ್ನ ಹಿಂದೆ, ದೂರದಲ್ಲಿ, ಹಗ್ಗದ ಆಚೆ, ಕೊಡೆಗಳ ಸಾಲಿನ ನಡುವೆ ಒಬ್ಬನೇ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತಿದ್ದ. ತಲೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದ. ಕಂಬಳಿಯ ಮೂಲೆಯನ್ನು ಒಳಗೆ ಮಡಚಿ ಹಾಗೆ ಕೊಪ್ಪೆ ಮಾಡಿಕೊಳ್ಳುವವರು ನಮ್ಮ ಕಡೆಯವರಲ್ಲದೆ ಇನ್ನಾರೂ ಇಲ್ಲ.

ಮನಸ್ಸು ಹೇಳಿತು: ಚೆಂಡು ಒಗಿ. ಕಂಡಿಲ್ಲ ಎಂದುಕೊ. ನಾಳೆ ಹಡಗು ಹತ್ತುತ್ತೀ, ಸಿಗಲಿಲ್ಲ ಎಂದು ಹೇಳು. ಪದಕ ತೋರಿಸು. ದೇವರಾಣೆಗೂ ನಾನು ಒಗೆಯಲು ಕೈ ಎತ್ತಿದೆ. ಕಾಲು ಕೇಳಲಿಲ್ಲ. ಒಂಬತ್ತು ವರ್ಷ ಚೀಲ ಹೊತ್ತು ಓಡಿದ ಕಾಲು, ಕೊಡಬೇಕಾದವನನ್ನು ಕಂಡ ಮೇಲೆ ನಿಲ್ಲುವುದು ಹೇಗೆ? ಒಗೆಯುವ ಗೆರೆ ದಾಟಿದೆ. ಮಾಸ್ತರರನ್ನು ದಾಟಿದೆ. ಕೈಯಲ್ಲಿ ಚೆಂಡು ಎತ್ತಿ ಹಿಡಿದು, ಗೆಜ್ಜೆ ಝಣಗುಡಿಸುತ್ತ ನೇರ ಪಾದ್ರಿಯ ಮೇಲೆ ಹೋದೆ. ಅವರು ಪಕ್ಕಕ್ಕೆ ಹಾರಿ, ಚೆಂಡು ಬಾರದಿದ್ದರೂ, ಮುಟ್ಟಿತು ಎಂದರು. ಗೂಟ ಹಾರಿ, ಗೂಟದ ಹಿಂದಿನವನನ್ನು ಸುತ್ತಿ, ಹಗ್ಗ ಜಿಗಿದು ಆ ಮನುಷ್ಯನ ಮುಂದೆ ನಿಂತೆ.

“ಕಮಲಾಪುರದ ಲಕ್ಕಪ್ಪನೇನು?”

ಅವನು ಗಾಬರಿಯಾಗಿ ಎದ್ದು ನಿಂತ. ನಮ್ಮ ದೇಶದ ತಂಡ ಬಂದಿದೆ ಎಂದು ಪೇಪರಿನಲ್ಲಿ ಬಂದಿತ್ತಂತೆ, ನೋಡಿ ಹೋಗಲು ಬಂದಿದ್ದನಂತೆ. ಕೊಪ್ಪೆಯೊಳಗಿಂದ ಒಂದು ಪುಟ್ಟ ಹೆಣ್ಣುಮಗು ಇಣುಕಿತು. ಅದರ ಕೂದಲು ನಮ್ಮ ಬಾಳೆಹಣ್ಣಿನಷ್ಟು ಕೆಂಪು. ಯಾರ ಮಗು ಎಂದು ಕೇಳಿದೆ. ನನ್ನದು ಎಂದ. ನಾನು ಗಂಟು ಬಿಚ್ಚಿ ಅವನ ಕೈಗೆ ಕೊಟ್ಟೆ.

ಲಕ್ಕಪ್ಪ ಹೊಲಿಗೆ ಹರಿದು ಚೀಟಿ ಓದಿದ. ನಾನು ಕಟ್ಟಳೆಯಂತೆ ಬೇರೆ ಕಡೆ ಮುಖ ಮಾಡಿದೆ. “ಆಕಿ ಹ್ಯಾಂಗದಾಳ?” ಎಂದ. ಚೆನ್ನಾಗಿದ್ದಾಳೆ ಎಂದೆ. ಹೆಬ್ಬೆಟ್ಟಿಗೆ ಮಸಿ ಹುಡುಕುವ ಕೆಲಸವಿರಲಿಲ್ಲ. ಅವನ ಬೆರಳ ಗೆರೆಗಳಲ್ಲೆಲ್ಲ ಕಲ್ಲಿದ್ದಲಿನ ಕರಿ ಇತ್ತು. ಮಳೆಹನಿ ತಾಗಿಸಿ ಒತ್ತಿದ. ಮಡಚಿ ನನ್ನ ಕೈಗೆ ಕೊಟ್ಟು, ಮುಟ್ಟಿತು ಎಂದ. ಬರ್ತೀಯೇನು ಎಂದು ಕೇಳಿದೆ. ಚೀಟಿಯಲ್ಲೇ ಎಲ್ಲ ಇದೆ ಎಂದ.

ತಿರುಗಿ ನೋಡಿದರೆ ಇಪ್ಪತ್ತೊಂದು ಆಟಗಾರರು, ಇಬ್ಬರು ಅಂಪೈರುಗಳು, ಸೊಂಟ ಹಿಡಿದ ಒಬ್ಬ ನವಾಬರು ನನ್ನನ್ನೇ ನೋಡುತ್ತ ನಿಂತಿದ್ದರು. ಚೆಂಡು ನನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ಮಳೆ ಜೋರಾಯಿತು. ಆಟ ಅಲ್ಲಿಗೇ ನಿಂತಿತು, ನನ್ನ ಕ್ರಿಕೆಟ್ಟೂ ಅಲ್ಲಿಗೇ ನಿಂತಿತು. ಇನ್ನು ಮೇಲೆ ನೀನು ಚೆಂಡು ಮುಟ್ಟಕೂಡದು ಎಂದು ನವಾಬರು ಹೇಳಿದರು. ಆದರೆ ಊರಿನವರು ಚೆಂಡು ವಾಪಸು ಕೇಳಲು ಬಂದಾಗ ಅದೇ ನವಾಬರು ಮೀಸೆ ತಿರುವಿ, ನಮ್ಮ ಬೌಲರ್ ಇಟ್ಟುಕೊಂಡದ್ದನ್ನು ನಾವು ಕೊಡುವುದಿಲ್ಲ ಎಂದು ಹೇಳಿ ಕಳಿಸಿದರು. ದೊಡ್ಡ ಮನುಷ್ಯ.

ಮತ್ತೆ ಕಮಲಾಪುರ

ವಾಪಸು ಬರುವಾಗ ಹಡಗಿನಲ್ಲಿ ನಾನು ಓಡಲಿಲ್ಲ. ಆ ಕೆಂಪುಕೂದಲ ಮಗುವಿನ ಸುದ್ದಿಯನ್ನು ಚಂದಮ್ಮನಿಗೆ ಹೇಗೆ ಹೇಳಲಿ ಎಂಬುದೇ ಚಿಂತೆ. ಅವನು ಸಿಗದಿರಲಿ ಎಂದು ಬೇಡಿಕೊಂಡಿದ್ದ ನಾನೇ, ಅವನು ಬರುತ್ತೇನೆ ಎಂದಿದ್ದರೆ ಒಳ್ಳೆಯದಿತ್ತು, ಆಕೆ ಅಳುವುದಂತೂ ತಪ್ಪುತ್ತಿತ್ತು ಎಂದುಕೊಂಡೆ.

ಕಲಬುರ್ಗಿಯಲ್ಲಿ ಇಳಿದು ಬಂಡಿಗೆ ಕಾಯದೆ ಓಡಿದೆ. ಚಂದಮ್ಮ ಬುಟ್ಟಿಯ ಹಿಂದೆ ಕೂತಿದ್ದಳು. ಚೀಟಿ ಕೊಟ್ಟೆ. ಆಕೆ ಬಿಚ್ಚಿ ಕಪ್ಪು ಹೆಬ್ಬೆಟ್ಟಿನ ಮೇಲೆ ಬೆರಳಾಡಿಸಿ, ಮುಟ್ಟಿತು ಎಂದಳು. ನಾನು ತಿರುಗಲಿಲ್ಲ. ರೂಢಿಯಂತೆ ಕಾಲು ಮಾತ್ರ ಆಡುತ್ತಿದ್ದವು.

“ಆತ ಬರಂಗಿಲ್ಲ, ಚಂದಮ್ಮ. ಅಲ್ಲಿ ಆತಗೊಂದು ಮಗಳು ಅದಾಳ.”

“ಗೊತ್ತದ. ಹುಮನಾಬಾದಿನ ಹಡಗದವ ಒಬ್ಬ ಹೋದ ವರ್ಷನೇ ಹೇಳಿ ಹೋಗ್ಯಾನ. ಅದಕ್ಕೇ ಸೋಡಚೀಟಿ ಬರೆಸಿ ಕಳಿಸಿದ್ನಿ. ನೀ ಓದಲಿಲ್ಲೇನು?”

ಸೋಡಚೀಟಿ ಎಂದರೆ ನಮ್ಮ ಕಡೆ ಬಿಡುಗಡೆಯ ಚೀಟಿ. ಅದರ ಮೇಲೆ ಗಂಡನ ಹೆಬ್ಬೆಟ್ಟು ಬಿದ್ದರೆ ಹೆಣ್ಣು ಇನ್ನೊಬ್ಬನ ಕೈಹಿಡಿಯಬಹುದು. ಇದನ್ನು ಸೊಂಟಕ್ಕೆ ಕಟ್ಟಿಕೊಂಡು ನಾನು ವಿಲಾಯತಿಯ ಕಿವುಡರನ್ನೆಲ್ಲ ಕನ್ನಡದಲ್ಲಿ ಕೇಳುತ್ತ ತಿರುಗಿದ್ದೆನೇ! ಆರನೆಯ ಚೆಂಡು ಒಗೆದುಬಿಟ್ಟಿದ್ದರೆ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಓಟಗಾರ ಓದುವುದಿಲ್ಲ ಎಂದಷ್ಟೇ ಹೇಳಿದೆ.

“ಮೊದಲ ಆ ಕಾಲ ಆಡಸೂದು ನಿಲ್ಲಸು,” ಎಂದಳು ಚಂದಮ್ಮ. ನಿಲ್ಲಿಸಿದೆ. “ಆತನ ಕಡಿಂದ ಬರೂದು ಬಂತು. ನಿನ್ನ ಕಡಿಂದ ಏನರ ಬರೂದು ಅದ ಏನು?”

ಒಂಬತ್ತು ವರ್ಷದ ಮಾತನ್ನು ಹುಡುಕುವವನಂತೆ ಸೊಂಟ ತಡವಿದೆ. ಅಲ್ಲಿ ಚೆಂಡು ಬಿಟ್ಟರೆ ಇನ್ನೇನೂ ಇರಲಿಲ್ಲ. ಅದನ್ನೇ ತೆಗೆದು ಕೊಟ್ಟೆ. ಆಕೆ ಅಂಗೈಯಲ್ಲಿಟ್ಟು ತೂಗಿ ನೋಡಿದಳು, ಹೊಲಿಗೆಯ ಮೇಲೆ ಉಗುರು ಆಡಿಸಿದಳು. ಆಮೇಲೆ ಬುಟ್ಟಿಯ ಕೆಂಪು ಹಣ್ಣುಗಳ ನಡುವೆ ಜಾಗ ಮಾಡಿ ಜೋಪಾನವಾಗಿ ಇಟ್ಟಳು.

“ಮುಟ್ಟಿತು,” ಎಂದಳು.

ಹಾಗೆ ಹೇಳಿದ ಮೇಲೆ ಓಟಗಾರ ಅಲ್ಲಿ ನಿಲ್ಲಬಾರದು. ನಾನು ನಿಂತೆ.